ಒಂದು ಕ್ವಿಂಟಲ್ ಕೊಂಬೆ, ಮೂರು ಸುತ್ತು ಹಗ್ಗ

ಮಳೆಗಾಲಕ್ಕೆ ಮುಂಚೆ ನಮ್ಮ ಮನೆ ಹಿಂದಿನ ಹಲಸಿನ ಮರದ ಒಂದು ಕೊಂಬೆ ತೆಗೆಸಬೇಕಿತ್ತು. ಅದು ಹಂಚಿನ ಮೇಲೇ ಚಾಚಿಕೊಂಡಿತ್ತು. ಕಡಿದು ಬೀಳಿಸುವ ಹಾಗಿಲ್ಲ, ಹಗ್ಗ ಕಟ್ಟಿ ಇಳಿಸಬೇಕು. ಇಬ್ಬರು ಬಂದರು. ಒಬ್ಬರು ಗರಗಸ ಹಿಡಿದು ಮೇಲೆ ಹತ್ತಿದರು, ಕೊಂಬೆಗೆ ಹಗ್ಗ ಬಿಗಿದು ಅದನ್ನು ಮೇಲಿನ ಕವಲಿನ ಮೂಲಕ ಕೆಳಗೆ ಬಿಟ್ಟರು. ಇನ್ನೊಬ್ಬರು ಅರವತ್ತು ದಾಟಿದವರು, ಸಣಕಲು ಮೈ. ಅವರು ಆ ಹಗ್ಗವನ್ನು ಪಕ್ಕದ ತೆಂಗಿನ ಬುಡಕ್ಕೆ ಮೂರು ಸುತ್ತು ಸುತ್ತಿದರು. ಗಂಟು ಹಾಕಲಿಲ್ಲ. ತುದಿಯನ್ನು ಒಂದು ಕೈಯಲ್ಲಿ ಸುಮ್ನೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಬಾಯಿಗೆ ಕವಳ ಹಾಕಿಕೊಂಡರು. ಮೇಲೆ ಕೊಂಬೆ ಚಟ್ಟನೆ ಕಳಚಿತು. ಹಗ್ಗ ಬಿಗಿಯಿತು, ತೆಂಗಿನ ಗರಿಗಳೆಲ್ಲ ಒಮ್ಮೆ ನಡುಗಿದವು. ಅವರ ಕೈ ಅಲುಗಲಿಲ್ಲ. ಆಮೇಲೆ ಬಾವಿಗೆ ಕೊಡ ಬಿಡುವ ಹಾಗೆ ನಿಧಾನಕ್ಕೆ ಹಗ್ಗ ಬಿಡುತ್ತಾ ಕೊಂಬೆಯನ್ನು ಹಿತ್ತಲಿಗೆ ಇಳಿಸಿದರು.

ನೋಡುತ್ತಿದ್ದ ಪಕ್ಕದ ಮನೆಯವರು "ಅವರ ಕೈಗುಣ ಅಂಥದ್ದು" ಅಂದರು.

ಈ ಕೈಗುಣದ ಮಾತು ಕೇಳಿದರೆ ನನಗೆ ಕಿರಿಕಿರಿ. ಸಾಂಬಾರು ರುಚಿಯಾದರೆ ಕೈಗುಣ, ಜ್ವರ ಬಿಟ್ಟರೆ ಡಾಕ್ಟರ ಕೈಗುಣ, ಸಸಿ ಚಿಗುರಿದರೆ ನೆಟ್ಟವರ ಕೈಗುಣ. ಅಲ್ಲಿಗೆ ವಿಚಾರಣೆ ಮುಗಿಯಿತು. ಆ ಹಿರಿಯರ ಕೈಗೆ ಬರುತ್ತಿದ್ದ ಭಾರ ಎಷ್ಟು ಅಂತ ಯಾರಾದರೂ ಕೇಳಬೇಡವೇ?

ಕೊಂಬೆ ಸುಮಾರು 20 ಸೆಂಟಿಮೀಟರ್ ದಪ್ಪ, 4 ಮೀಟರ್ ಉದ್ದ. ಹಸಿ ಮರ ನೀರಿಗಿಂತ ಸ್ವಲ್ಪ ಹಗುರ ಅಂತಿಟ್ಟುಕೊಂಡರೂ ತೂಕ 100 ಕಿಲೋ ಆಗುತ್ತದೆ, ಸೊಪ್ಪು ಬೇರೆ. ಈಗ ಹಗ್ಗ ಬುಡವನ್ನು ಸುತ್ತುವ ಜಾಗಕ್ಕೆ ಬನ್ನಿ. ಎಳೆತ ಜಾಸ್ತಿಯಾದಷ್ಟೂ ಹಗ್ಗ ಮರವನ್ನು ಜಾಸ್ತಿ ಒತ್ತುತ್ತದೆ. ಒತ್ತಿದಷ್ಟೂ ಘರ್ಷಣೆ ಜಾಸ್ತಿ. ಅಂದರೆ ಭಾರವೇ ತನ್ನನ್ನು ಹಿಡಿಯುವ ಬಲವನ್ನು ಹುಟ್ಟಿಸುತ್ತದೆ. ಸರ್ಕಾರದ ಅನುದಾನ ಮೇಲಿಂದ ಕೆಳಗೆ ಬರುವ ರೀತಿ ನೆನಪಿಸಿಕೊಳ್ಳಿ. ಪ್ರತಿ ಮೇಜಿನಲ್ಲೂ ಕಮಿಷನ್, ಅದೂ ಮೂಲ ಮೊತ್ತದ ಮೇಲಲ್ಲ, ಆ ಮೇಜಿಗೆ ಬಂದು ಮುಟ್ಟಿದ ಮೊತ್ತದ ಮೇಲೆ. ಮರದ ಬುಡವೂ ಹಾಗೇ. ಒರಟು ತೊಗಟೆಯಾದರೆ ಪ್ರತಿ ಕಾಲು ಸುತ್ತಿನಲ್ಲೂ ಉಳಿದ ಎಳೆತದ ಸುಮಾರು ಮೂರರಲ್ಲಿ ಒಂದು ಪಾಲನ್ನು ಮರ ನುಂಗಿಬಿಡುತ್ತದೆ. ಚಕ್ರಬಡ್ಡಿಯನ್ನು ಹಿಂದುಮುಂದು ಮಾಡಿದ ಹಾಗೆ. ಒಂದು ಸುತ್ತು ಮುಗಿಯುವಾಗ 100 ಕಿಲೋ 21 ಆಗಿರುತ್ತದೆ. ಎರಡಕ್ಕೆ 4 ಕಿಲೋ ಚಿಲ್ಲರೆ. ಮೂರಕ್ಕೆ 1 ಕಿಲೋ ಕೂಡ ಇಲ್ಲ. ಮೇಲಿನ ಕವಲು ಕಳೆದುಕೊಟ್ಟಿದ್ದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ನಮ್ಮ ಹಿರಿಯರು ಹಿಡಿದುಕೊಂಡಿದ್ದು ಹೆಚ್ಚೆಂದರೆ ಒಂದು ಪೊಟ್ಟಣ ಸಕ್ಕರೆಯ ಭಾರ!

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಬುಡ ಎಷ್ಟು ದಪ್ಪ ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅಡಿಕೆ ಮರಕ್ಕೆ ಸುತ್ತಿ, ಆಲದ ಮರಕ್ಕೆ ಸುತ್ತಿ, ತೊಗಟೆಯ ಒರಟು ಒಂದೇ ಇದ್ದರೆ ಮೂರು ಸುತ್ತು ಮೂರೇ ಸುತ್ತು. ದಪ್ಪ ಮರದಲ್ಲಿ ಹಗ್ಗ ಜಾಸ್ತಿ ಉದ್ದಕ್ಕೆ ತಾಗುತ್ತದೆ ನಿಜ, ಆದರೆ ಪ್ರತಿ ಇಂಚಿನಲ್ಲೂ ಅಷ್ಟೇ ಮೆಲ್ಲಗೆ ಒತ್ತುತ್ತದೆ. ಎರಡೂ ಸರಿಗೆ ಸರಿ ಹೋಗುತ್ತವೆ. (ಅಡಿಕೆ ಮರ ಆ ಎಳೆತಕ್ಕೆ ತಡೆಯುತ್ತದೋ ಇಲ್ಲವೋ, ಅದು ಬೇರೆ ವಿಷಯ.)

18ನೇ ಶತಮಾನದಲ್ಲೇ ಇದನ್ನು ಗಣಿತಕ್ಕೆ ಇಳಿಸಿದವನು ಲಿಯೊನಾರ್ಡ್ ಆಯ್ಲರ್. 1707ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದ, ಕೊನೆಗಾಲದಲ್ಲಿ ಕಣ್ಣು ಪೂರ್ತಿ ಹೋದರೂ ಬಾಯಲ್ಲಿ ಹೇಳಿ ಬರೆಸುತ್ತಾ ಗಣಿತ ಮಾಡಿದ ಮಹಾನುಭಾವ. ಚಕ್ರಬಡ್ಡಿಯ ಲೆಕ್ಕದಲ್ಲಿ ಇಣುಕುವ 2.718 ಎಂಬ ಸಂಖ್ಯೆಗೆ 'ಇ' ಅಂತ ಅಕ್ಷರ ಕೊಟ್ಟವನೂ ಅವನೇ, ಅದೇ ಸಂಖ್ಯೆ ಹಗ್ಗದ ಸೂತ್ರದಲ್ಲೂ ಕೂತಿದೆ. 1808ರಲ್ಲಿ ಪ್ರಷ್ಯಾದ ಎಂಜಿನಿಯರ್ ಐಟೆಲ್‌ವೈನ್ ಅದನ್ನು ತನ್ನ ಪುಸ್ತಕದಲ್ಲಿ ಸೇರಿಸಿದ, ಹಾಗಾಗಿ ಸೂತ್ರಕ್ಕೆ ಇಬ್ಬರ ಹೆಸರೂ ಅಂಟಿದೆ. ಹಡಗಿನವರಿಗೆ ಇದು ಅದಕ್ಕೂ ಮೊದಲೇ ಗೊತ್ತಿತ್ತು. ಬಂದರಿನ ಗೂಟಕ್ಕೆ ನಾಲ್ಕು ಸುತ್ತು ಹಾಕಿ ಒಬ್ಬನೇ ಮನುಷ್ಯ ಹಡಗು ನಿಲ್ಲಿಸುತ್ತಾನೆ.

ಹಾಗಾದರೆ ಗಂಟು ಯಾಕೆ ಬೇಕು? ಕೊಂಬೆಗೂ ಹತ್ತು ಸುತ್ತು ಸುತ್ತಿ ಬಿಟ್ಟರೆ ಸಾಕಲ್ವಾ? ಸಾಲದು. ಕೆಳಗಿನ ತುದಿಯನ್ನು ಹಿಡಿಯಲು ಒಂದು ಕೈ ಇದೆ. ಕೊಂಬೆಯ ಕಡೆಯ ತುದಿಯನ್ನು ಯಾರು ಹಿಡಿಯುತ್ತಾರೆ? ಅಲ್ಲಿ ಎಳೆತ ಸೊನ್ನೆ. ಸುತ್ತುಗಳು ಕೈಯ ಬಲವನ್ನು ನೂರರಿಂದಲೋ ಸಾವಿರದಿಂದಲೋ ಗುಣಿಸಿಕೊಡುತ್ತವೆ, ಆದರೆ ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಗಂಟಿನ ಇಡೀ ಜಾಣತನ ಇರುವುದು ಇಲ್ಲಿ. ಹಗ್ಗ ತನ್ನ ಬಾಲದ ಮೇಲೆ ತಾನೇ ಕೂತುಕೊಳ್ಳಬೇಕು. ಭಾರ ಹೊತ್ತ ಎಳೆ ಬಾಲದ ಎಳೆಯನ್ನು ಅದುಮಿ ಹಿಡಿಯಬೇಕು. ಆಗ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ, ಉಳಿದದ್ದನ್ನು ಸುತ್ತುಗಳು ನೋಡಿಕೊಳ್ಳುತ್ತವೆ. ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲುವುದೂ, ಪಂಚೆ ಗಂಟಿಲ್ಲದೆ ನಿಲ್ಲುವುದೂ ಹೀಗೇ.

ಕ್ಲೋವ್ ಹಿಚ್ ಅನ್ನುವ ಗಂಟು ನೋಡಿ. ಕೊಂಬೆಗೆ ಒಂದು ಸುತ್ತು ಹಾಕಿ, ಹಗ್ಗದ ಮೇಲೇ ಹಗ್ಗ ದಾಟಿಸಿ, ಇನ್ನೊಂದು ಸುತ್ತು ತಂದು, ತುದಿಯನ್ನು ಆ ದಾಟಿದ ಎಳೆಯ ಕೆಳಗೆ ತೂರಿಸುವುದು. ಅಷ್ಟೇ. ಆದರೆ ಕೊಂಬೆ ಇಳಿಯುವಾಗ ತಿರುಗುತ್ತದೆ, ಆಗ ಈ ಗಂಟು ಉರುಳಿ ಸಡಿಲವಾಗಬಹುದು. ಅದಕ್ಕೇ ಉದ್ದ ಬಾಲ ಬಿಟ್ಟು ಮೇಲೆ ಎರಡು ಹಾಫ್ ಹಿಚ್ (ತುದಿಯನ್ನು ಒಮ್ಮೆ ಸುತ್ತಿ ಆ ಸುತ್ತಿನೊಳಗೇ ತೂರಿಸುವ ಅರೆಗಂಟು) ಹಾಕುತ್ತಾರೆ. ಕೈಗೆ ಎಟುಕದ ಕೊಂಬೆಗೆ ಜೀರುಗುಣಿಕೆಯೇ ಸರಿ. ಅದರ ಕಣ್ಣನ್ನು, ಅಂದರೆ ಹಗ್ಗ ಜಾರಿ ಓಡುವ ಬಳೆಯನ್ನು, ಬೋಲೈನ್ ಎಂಬ ಜಾರದ ಗಂಟಿನಿಂದ ಕಟ್ಟಬೇಕು. ಇಂಗ್ಲಿಷಿನವರು ಇದನ್ನು ಮಕ್ಕಳಿಗೆ ಮೊಲದ ಕತೆ ಹೇಳಿ ಕಲಿಸುತ್ತಾರೆ, ಮೊಲ ಬಿಲದಿಂದ ಬಂತು, ಮರ ಸುತ್ತಿತು, ಮತ್ತೆ ಬಿಲಕ್ಕೆ ಹೋಯ್ತು. ಭಾರ ಇಳಿದ ಮೇಲೆ ಬೋಲೈನ್ ಸಲೀಸಾಗಿ ಬಿಚ್ಚುತ್ತದೆ. ನಮ್ಮಲ್ಲಿ ಬಿಚ್ಚಲಾಗದ ಗಂಟಿಗೆ ಬ್ರಹ್ಮಗಂಟು ಅಂತ ಗೌರವ. ಮರದ ಕೆಲಸದಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ, ಕೊನೆಗೆ ಹಗ್ಗವನ್ನೇ ಕತ್ತರಿಸಬೇಕಾಗುತ್ತದೆ.

'ಇನ್ನೆರಡು ಗಂಟು ಬಿಗಿ, ಗಟ್ಟಿಯಾಗಲಿ' ಅನ್ನುವುದೂ ಸುಳ್ಳೇ. ಚೂಪಾಗಿ ಬಾಗಿದ ಕಡೆ ಹಗ್ಗದ ಹೊರಗಿನ ಎಳೆಗಳು ಮಾತ್ರ ಭಾರ ಹೊರುತ್ತವೆ, ಒಳಗಿನವು ಆರಾಮಾಗಿರುತ್ತವೆ. ಗಂಟು ಬಿದ್ದ ಜಾಗದಲ್ಲಿ ಹಗ್ಗ ತನ್ನ ಶಕ್ತಿಯ ಮೂರನೇ ಒಂದು ಪಾಲನ್ನು, ಕೆಲವು ಗಂಟುಗಳಲ್ಲಿ ಅರ್ಧವನ್ನೇ ಕಳೆದುಕೊಳ್ಳುತ್ತದೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಎಳೆದರೆ ಬಣ್ಣ ಬದಲಿಸುವ ದಾರದಲ್ಲಿ ಗಂಟು ಕಟ್ಟಿ, ಒಳಗೆ ಒತ್ತಡ ಎಲ್ಲೆಲ್ಲಿ ಅಂತ ಕಣ್ಣಿಗೆ ಕಾಣಿಸಿದರು. ಎಳೆಗಳು ಎಷ್ಟು ಕಡೆ ದಾಟುತ್ತವೆ, ದಾಟಿದಲ್ಲಿ ಯಾವ ದಿಕ್ಕಿಗೆ ಉಜ್ಜುತ್ತವೆ, ಹೇಗೆ ತಿರುಚಿಕೊಳ್ಳುತ್ತವೆ, ಇದರ ಮೇಲೆ ಗಂಟಿನ ಹಿಡಿತ ನಿಂತಿದೆ.

ಇಷ್ಟೆಲ್ಲ ಓದಿಕೊಂಡವನು ಸುಮ್ಮನಿರಬೇಕಲ್ಲ. ಮರುವರ್ಷ ಅಷ್ಟೇ ದಪ್ಪದ ಇನ್ನೊಂದು ಕೊಂಬೆಯನ್ನು ನಾನೇ ಇಳಿಸುತ್ತೇನೆ ಅಂತ ಹೊರಟೆ. ಮೇಲೆ ಹತ್ತಿದ್ದು ಅದೇ ಗರಗಸದವರು, ಕೆಳಗೆ ನಾನು. ಅಂಗಡಿಯ ನೀಲಿ ಪ್ಲಾಸ್ಟಿಕ್ ಹಗ್ಗ, ಮಳೆಗೆ ನೆನೆದು ಪಾಚಿ ಕಟ್ಟಿದ ಬುಡ, ಮೂರು ಸುತ್ತು. ಕೊಂಬೆ ಕಳಚಿತು, ಹಗ್ಗ ಜರ್ರನೆ ಜಾರಿತು. ಏಳು ಹಂಚು ಪುಡಿ, ಅಂಗೈ ಸುಟ್ಟು ಬೊಬ್ಬೆ. ಒಂದೇ ಪುಣ್ಯ, ಹಗ್ಗವನ್ನು ಕೈಗೆ ಸುತ್ತಿಕೊಂಡಿರಲಿಲ್ಲ. ಸುತ್ತಿಕೊಂಡಿದ್ದರೆ ಆಯ್ಲರನ ಸೂತ್ರ ನನ್ನ ಬೆರಳಿಗೂ ಅನ್ವಯಿಸುತ್ತಿತ್ತು, ಬಿಡಬೇಕೆಂದರೂ ಬಿಡಲಾಗುತ್ತಿರಲಿಲ್ಲ.

ಸಂಜೆ ಕೈಗೆ ಮುಲಾಮು ಹಚ್ಚಿಕೊಂಡು ಲೆಕ್ಕ ಹಾಕಿದೆ. ನುಣುಪು ಹಗ್ಗ, ಒದ್ದೆ ಬುಡ, ಮೂರು ಸುತ್ತಿಗೆ ಹಿಡಿತ 111 ಪಟ್ಟು ಇರಬೇಕಾದದ್ದು 17 ಪಟ್ಟಿಗೆ ಇಳಿದಿತ್ತು. ಜೊತೆಗೆ ಹಗ್ಗದಲ್ಲಿ ಸಡಿಲ ಬಿಟ್ಟಿದ್ದೆ. 100 ಕಿಲೋ ಕೊಂಬೆ 2 ಮೀಟರ್ ಬಿದ್ದು, ಆಮೇಲೆ ಅರ್ಧ ಮೀಟರಿನಲ್ಲಿ ನಿಲ್ಲಬೇಕಾದರೆ ಹಗ್ಗಕ್ಕೆ ಸರಾಸರಿ 5 ಕ್ವಿಂಟಲ್ ಎಳೆತ. ಅದನ್ನು 17ರಿಂದ ಭಾಗಿಸಿದರೆ 29 ಕಿಲೋ, ಒಂದೇ ಕೈಗೆ, ಒಮ್ಮೆಲೇ.

ಮಾರನೇ ದಿನ ಆ ಹಿರಿಯರು ಹಂಚು ನೋಡಲು ಬಂದರು. ಆಯ್ಲರನಿಂದ ಹಿಡಿದು ಪಾಚಿಯವರೆಗೆ ಎಲ್ಲ ವಿವರಿಸಿದೆ. ಅವರು ಕವಳ ಉಗಿದು ಬಂದು ಅಂದರು: "ಅದೆಲ್ಲ ಹೌದು ಮಾರಾಯ್ರೆ. ಜಾರೋ ಹಗ್ಗ ಅಂದ್ಮೇಲೆ ಇನ್ನೊಂದು ಸುತ್ತು ಹಾಕ್ಬೇಕಲ್ಲ?"

ಅವರು ಹೋದ ಮೇಲೆ ನಾಲ್ಕು ಸುತ್ತಿಗೆ ಲೆಕ್ಕ ಮಾಡಿ ನೋಡಿದೆ. 43 ಪಟ್ಟು. ಕೈಗೆ ಬರುತ್ತಿದ್ದದ್ದು 12 ಕಿಲೋ.