ಚೀಟಿ ಬರೆದುಕೊಟ್ಟರೆ ಸಾಲದು

"ಮೇಡಂ, ಮನೆಗೆ ಹೇಳ್ತೀರಾ?"

ತುಮಕೂರಿನ ಕಾಲೇಜೊಂದರಲ್ಲಿ ವಾರಕ್ಕೆ ಎರಡು ದಿನ ಆಪ್ತ ಸಮಾಲೋಚಕಿಯಾಗಿ ಕೂರುತ್ತೇನೆ. ಮಕ್ಕಳು ಮೊದಲು ಕೇಳುವುದೇ ಇದನ್ನು. ಕಷ್ಟ ಏನು ಅನ್ನೋದು ಆಮೇಲೆ ಬರುತ್ತದೆ. ಹೇಳಿದ್ದು ಗುಟ್ಟಾಗಿ ಉಳಿಯುತ್ತೆ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಒಬ್ಬರಿಗೆ ತಿಳಿಸಲೇಬೇಕಾಗುತ್ತೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಪಾವಗಡ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಎರಡು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಹಾಸ್ಟೆಲ್ ಊಟ ಸೇರುತ್ತಿಲ್ಲ. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದಿವೆ. "ಎಲ್ಲರಿಗೂ ನಾನೇ ಭಾರ" ಎಂದಳು. ಈ ಮಾತು ಕೇಳಿದ ಮೇಲೆ ಸುಮ್ನೆ ಧೈರ್ಯ ಹೇಳಿ ಕಳಿಸುವಂತಿಲ್ಲ. "ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಎಂದು ಮೇಷ್ಟ್ರುಗಳು ಹೆದರುತ್ತಾರೆ. ಹಾಗಾಗುವುದಿಲ್ಲ. ಕೊನೆಗೂ ಒಬ್ಬರು ಕೇಳಿದರಲ್ಲ ಎಂದು ಎಷ್ಟೋ ಮಕ್ಕಳು ಹಗುರಾಗುತ್ತಾರೆ. "ಸಾಯೋ ಯೋಚನೆ ಇಲ್ಲ ಮೇಡಂ, ಎದ್ದು ಕೂರೋಕೂ ಆಗ್ತಿಲ್ಲ" ಎಂದು ಅತ್ತಳು.

ಆಕೆಗೆ ಮನೋವೈದ್ಯರು ಬೇಕಿತ್ತು. ನಾನು ಮಾತ್ರೆ ಬರೆಯುವಂತಿಲ್ಲ. ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಟ್ಟೆ. ಎರಡು ವಾರ ಬಿಟ್ಟು ನೋಡಿದರೆ ಚೀಟಿ ನೋಟ್‌ಬುಕ್ಕಿನಲ್ಲೇ ಇತ್ತು. ಒಬ್ಬಳೇ ಹೋಗಲು ಹೆದರಿಕೆ. ಸಾಲಿನಲ್ಲಿ ಊರವರು ಯಾರಾದರೂ ನೋಡಿದರೆ? ಅದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಮಾರನೇ ದಿನ ಜೊತೆಗೆ ಹೋದೆ.

100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಸಮಾಲೋಚಕರು ಒಬ್ಬರಾದರೂ ಇರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ಪತ್ರೆ, ಸಹಾಯವಾಣಿಗೆ ತಕ್ಷಣ ಕಳಿಸುವ ಕ್ರಮ ಬರವಣಿಗೆಯಲ್ಲಿರಬೇಕು ಎಂದೂ ಹೇಳಿದೆ. ಮೊದಲನೆಯದನ್ನು ಕಾಲೇಜುಗಳು ಹೇಗೋ ಮಾಡುತ್ತವೆ. ಆಸ್ಪತ್ರೆಗೆ ಯಾರು ಕರೆದೊಯ್ಯಬೇಕು, ಆಟೋ ದುಡ್ಡು ಯಾರದ್ದು, ಅವತ್ತಿನ ಹಾಜರಾತಿ ಏನಾಗುತ್ತೆ? ಇದನ್ನು ಬರೆದಿಟ್ಟ ಕಾಲೇಜು ನಾನಂತೂ ಕಂಡಿಲ್ಲ.

ಖಿನ್ನತೆಯ ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ ಬರಬಹುದು. ಗುಣವಂತೂ ಕಾಣುವುದಿಲ್ಲ. ಐದನೇ ದಿನಕ್ಕೇ ಬಿಟ್ಟುಬಿಡುವ ಮಕ್ಕಳೂ ಇದ್ದಾರೆ. ಆಗ "ತಗೊಂಡ್ಯಾ?" ಎಂದು ಕೇಳುವ ಒಬ್ಬ ರೂಮ್‌ಮೇಟ್ ಇದ್ದರೆ ಸಾಕು. ಈ ಹುಡುಗಿಗೆ ಅಂಥ ಗೆಳತಿ ಇದ್ದಳು.

ಸೆಮಿಸ್ಟರ್ ಮುಗಿದರೆ ನನ್ನ ಕೋಣೆಗೆ ಬೀಗ. ಮಕ್ಕಳಿಗೆ ಆಗ ಊರಲ್ಲಿ ಯಾರೂ ಇಲ್ಲ. ರಜೆಗೆ ಮುಂಚೆ ನಾನೂ ಆ ಹುಡುಗಿಯೂ ಕೂತು ಒಂದು ಹಾಳೆ ಬರೆದೆವು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ, ಮಾತ್ರೆ ಮುಗಿಯುವ ತಾರೀಖು, ಕನ್ನಡದಲ್ಲೇ ಹಗಲೂ ರಾತ್ರಿ ಉಚಿತವಾಗಿ ಮಾತಾಡಬಹುದಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ಮನೆಯಲ್ಲಿ ಯಾರಿಗೆ ಹೇಳೋಣ ಎಂದೆ. ತುಂಬಾ ಹೊತ್ತು ಯೋಚಿಸಿ "ಅಣ್ಣಂಗೆ" ಎಂದಳು. ಅಲ್ಲೇ ಕೂತು ಫೋನ್ ಮಾಡಿದಳು.