ಕೈರೋಪ್ರಾಕ್ಟಿಕ್: ಸೊಂಟ ನೋವು ಮತ್ತು ಆ ‘ಲಟಕ್’ ಸದ್ದು

ರೀಲ್ಸ್ ನೋಡುವವರಿಗೆ ಈ ದೃಶ್ಯ ಗೊತ್ತೇ ಇರುತ್ತದೆ. ಒಬ್ಬರು ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದಾರೆ, ಇನ್ನೊಬ್ಬರು ಅವರ ಭುಜವನ್ನು ಒಂದು ಕಡೆಗೆ, ಸೊಂಟವನ್ನು ಇನ್ನೊಂದು ಕಡೆಗೆ ತಿರುಗಿಸಿ ಹಿಡಿದು ಒಮ್ಮೆಲೇ ಒತ್ತುತ್ತಾರೆ. ಲಟಕ್! ಮೈಕನ್ನು ಬೆನ್ನಿಗೇ ಅಂಟಿಸಿದ್ದಾರೇನೋ ಅನ್ನುವಷ್ಟು ಜೋರು ಸದ್ದು. ಮಲಗಿದವರು ಮೊದಲು ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ. ಇದೇ ಕೈರೋಪ್ರಾಕ್ಟಿಕ್.

ಪದ ಗ್ರೀಕ್ ಮೂಲದ್ದು. ‘ಕೈರ್’ ಅಂದರೆ ಅಲ್ಲೂ ಕೈಯೇ! ಕನ್ನಡಕ್ಕೂ ಅದಕ್ಕೂ ನಂಟೇನಿಲ್ಲ, ಸುಮ್ನೆ ಹಾಗೆ ಕೂಡಿಬಂದಿದೆ. ‘ಪ್ರಾಕ್ಟಿಕ್’ ಅಂದರೆ ಮಾಡುವುದು. ಒಟ್ಟಿನಲ್ಲಿ ‘ಕೈಯಿಂದ ಮಾಡಿದ್ದು’.

ಇದು ಶುರುವಾಗಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ. ಡಿ.ಡಿ. ಪಾಮರ್ ಅನ್ನುವ ವ್ಯಕ್ತಿ ಮೊದಲು ‘ಮ್ಯಾಗ್ನೆಟಿಕ್ ಹೀಲಿಂಗ್’ (ಮೈಯಲ್ಲಿ ಅಯಸ್ಕಾಂತದಂಥ ಶಕ್ತಿ ಇದೆ ಅಂತ ನಂಬಿ ಕೈಯಾಡಿಸಿ ಮಾಡುವ ಚಿಕಿತ್ಸೆ) ಮಾಡುತ್ತಿದ್ದವರು, ವೈದ್ಯಕೀಯ ಓದಿದವರಲ್ಲ. ಅವರ ಮೊದಲ ರೋಗಿ ಹಾರ್ವೆ ಲಿಲಾರ್ಡ್, ಅದೇ ಕಟ್ಟಡ ಗುಡಿಸಿ ನೋಡಿಕೊಳ್ಳುತ್ತಿದ್ದವರು. ತಮಾಷೆ ಏನೆಂದರೆ ಅವರಿಗೆ ಇದ್ದದ್ದು ಸೊಂಟ ನೋವಲ್ಲ, ಕಿವುಡು. ಬೆನ್ನಿನ ಒಂದು ಮೂಳೆ ಒತ್ತಿದೆ, ಕಿವಿ ಕೇಳಿಸಿತು ಅಂತ ಪಾಮರ್ ಹೇಳಿಕೊಂಡರು. ಕಿವಿಯ ನರ ತಲೆಬುರುಡೆಯ ಒಳಗೇ ಮಿದುಳಿಗೆ ಹೋಗುತ್ತದೆ, ಬೆನ್ನಿನ ಕಡೆ ಇಳಿಯುವುದೇ ಇಲ್ಲ. ಆದರೂ ಅವರು ಅಲ್ಲಿಗೇ ನಿಲ್ಲಲಿಲ್ಲ. ನೂರಕ್ಕೆ 95 ಕಾಯಿಲೆಗಳಿಗೆ ಬೆನ್ನುಮೂಳೆ ಜಾಗ ತಪ್ಪಿರುವುದೇ ಕಾರಣ ಅಂದುಬಿಟ್ಟರು. ಹಾಗೆ ತಪ್ಪಿದ್ದಕ್ಕೆ ಇಟ್ಟ ಹೆಸರು ‘ಸಬ್‌ಲಕ್ಸೇಷನ್’. ಈ ಕಥೆಗೆ ವಿಜ್ಞಾನದ ಆಧಾರ ಸಿಕ್ಕಿಲ್ಲ. ಇವತ್ತಿನ ಎಷ್ಟೋ ಕೈರೋಪ್ರಾಕ್ಟರ್‌ಗಳೂ ಇದನ್ನು ಬಿಟ್ಟು ಬರೀ ಬೆನ್ನು, ಕುತ್ತಿಗೆ ನೋವಿನ ಕೆಲಸ ಮಾಡುತ್ತಾರೆ.

ಹಾಗಾದರೆ ಲಟಕ್ ಅಂದದ್ದೇನು? ಮೂಳೆ ಜಾಗಕ್ಕೆ ಕೂತದ್ದಲ್ಲ. ನೀವು ಬೆರಳಿನ ನೆಟಿಕೆ ಮುರಿದಾಗ ಬರುವುದೂ ಇದೇ ಸದ್ದು. ಕೀಲಿನೊಳಗೆ ಎಣ್ಣೆಯಂಥ ಒಂದು ದ್ರವ ಇರುತ್ತದೆ. ಕೀಲನ್ನು ಫಟ್ಟನೆ ಎಳೆದಾಗ ಒಳಗಿನ ಒತ್ತಡ ಇಳಿದು ಗ್ಯಾಸಿನ ಗುಳ್ಳೆ ಹುಟ್ಟುತ್ತದೆ, ಸದ್ದು ಅದರದ್ದು. ಅದೇ ಬೆರಳಿನಲ್ಲಿ ತಕ್ಷಣ ಇನ್ನೊಮ್ಮೆ ಮುರಿಯಲು ನೋಡಿ, ಬರುವುದಿಲ್ಲ, ಅಲ್ವಾ? ಸುಮಾರು 20 ನಿಮಿಷ ಕಾಯಬೇಕು. ಸದ್ದು ಜೋರಾಗಿ ಬಂದರೆ ನೋವು ಜಾಸ್ತಿ ಹೋಗುತ್ತದೆ ಅನ್ನುವುದೂ ಸುಳ್ಳು.

ಇಷ್ಟಾದರೂ ಸೊಂಟ ನೋವಿನ ಮಟ್ಟಿಗೆ ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಮೆರಿಕದ ವೈದ್ಯರ ಸಂಘ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್’ 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಮಾತ್ರೆಗೆ ಮೊದಲು ನೋಡಬಹುದಾದ ದಾರಿಗಳ ಪೈಕಿ ಬಿಸಿ ಶಾಖ, ಮಸಾಜ್ ಜೊತೆಗೆ ಬೆನ್ನು ಒತ್ತುವ ಈ ಚಿಕಿತ್ಸೆಯೂ ಇದೆ. ಸಿಗುವ ಲಾಭ ಮಾತ್ರ ಸಣ್ಣದು, ವ್ಯಾಯಾಮದಂಥ ಬೇರೆ ಚಿಕಿತ್ಸೆಗಳಿಂದ ಸಿಗುವಷ್ಟೇ. ಇನ್ನೊಂದು ವಿಷಯ, ಹೊಸದಾಗಿ ಹಿಡಿದುಕೊಂಡ ಸೊಂಟ ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳಲ್ಲಿ ತಾನಾಗಿಯೇ ಬಿಡುತ್ತದೆ. ನಮ್ಮ ಕಡೆ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಬೇಕು ಅನ್ನುತ್ತಿದ್ದರು. ಒದ್ದ ನಾಲ್ಕು ದಿನಕ್ಕೆ ವಾಸಿ, ಹೆಸರು ಒದ್ದವರಿಗೆ. ಲಟಕ್‌ಗೂ ಅಂಥ ಒಂದಿಷ್ಟು ಬಿಟ್ಟಿ ಹೆಸರು ಸಿಕ್ಕಿರುತ್ತದೆ.

ಭಾರತದಲ್ಲಿ ಇದಕ್ಕಂತಲೇ ನೋಂದಣಿ, ನಿಯಮ ನೋಡಿಕೊಳ್ಳುವ ಒಂದು ಕೌನ್ಸಿಲ್ ಇಲ್ಲ. ಹಾಗಾಗಿ ಬೋರ್ಡ್ ನೋಡಿ ಒಳಗೆ ಹೋಗುವ ಮುಂಚೆ, ಒತ್ತುವವರು ಏನು ಓದಿದ್ದಾರೆ, ಎಲ್ಲಿ ಓದಿದ್ದಾರೆ ಅಂತ ನಾಚಿಕೆ ಬಿಟ್ಟು ಕೇಳಿ. ನೋವಿಲ್ಲದಿದ್ದರೂ ವರ್ಷಪೂರ್ತಿ ಬನ್ನಿ ಅಂದರೆ ಎದ್ದು ಬನ್ನಿ. ಮೂಳೆ ಸವೆದು ಟೊಳ್ಳಾಗಿರುವವರು, ಕ್ಯಾನ್ಸರ್ ಇದ್ದವರು, ಬಿದ್ದು ಪೆಟ್ಟು ಮಾಡಿಕೊಂಡವರು ಇದರ ಹತ್ತಿರ ಹೋಗುವುದೇ ಬೇಡ, ಮೊದಲು ಡಾಕ್ಟರು. ಕಾಲಿನ ಬಲ ಕಡಿಮೆಯಾದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಸೀದಾ ಎಮರ್ಜೆನ್ಸಿಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ಕುತ್ತಿಗೆಯ ವಿಷಯವೇ ಬೇರೆ. ಅದನ್ನು ಫಟ್ಟನೆ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳ ಒಳಗೆ ಹರಿದು ಸ್ಟ್ರೋಕ್ ಆದ ಉದಾಹರಣೆಗಳಿವೆ, ಅಪರೂಪಕ್ಕೆ ಆದರೂ. ಸೆಲೂನಿನಲ್ಲಿ ಕಟಿಂಗ್ ಮುಗಿದ ಮೇಲೆ ತಲೆ ಹಿಡಿದು ಆ ಕಡೆ ಈ ಕಡೆ ಲಟಕ್ ಅನ್ನಿಸುತ್ತಾರಲ್ಲ, ಅಲ್ಲೂ ಇದೇ ಭಯ. ನಾನಂತೂ ಈಗ ಕುರ್ಚಿಯಲ್ಲಿ ಕೂರುವಾಗಲೇ ಹೇಳಿಬಿಡುತ್ತೇನೆ, ‘ಅಣ್ಣಾ, ಕತ್ತು ಬೇಡ’ ಅಂತ.