ಡೀಸೆಲ್ ಲಾರಿಗೆ ದೊಡ್ಡ ಥ್ರಾಟಲ್ ಬಾಡಿ ಹಾಕಿದರೆ ಪಿಕಪ್ ಬರಲ್ಲ

"ಸರ್, ಎಷ್ಟು ಎಂಎಂ ಥ್ರಾಟಲ್ ಬಾಡಿ ಹಾಕಿಸಿದರೆ ಗಾಡಿ ಚೆನ್ನಾಗಿ ಎಳೆಯುತ್ತೆ?" ಅಂತ ಕೇಳಿಕೊಂಡು ಬರುವ ಲಾರಿ ಮಾಲೀಕರು ಜಾಸ್ತಿ ಆಗಿದ್ದಾರೆ. ಥ್ರಾಟಲ್ ಬಾಡಿ ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ತೆರೆದು ಮುಚ್ಚುವ ಮುಚ್ಚಳ ಇರುವ ಭಾಗ. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಹೊಸ ನಿಯಮ ಬಿಎಸ್6 ಬಂದ ಮೇಲೆ ಶುರುವಾದದ್ದು ಇದು. ಅಮೆರಿಕದಲ್ಲಿ ಯಾರೋ ಪೆಟ್ರೋಲ್ ಟ್ರಕ್ಕಿಗೆ ದೊಡ್ಡ ಥ್ರಾಟಲ್ ಬಾಡಿ ಕೂರಿಸಿದ ವಿಡಿಯೋ ನೋಡಿರುತ್ತಾರೆ. ನಮ್ಮ ಗಾಡಿಗೂ ಹಾಗೇ ಮಾಡಿದರೆ ಘಾಟಿ ಹತ್ತುತ್ತದೆ ಅಂತ ಆಸೆ. ಒಂದು ಟ್ರಿಪ್ಪಿನ ಉಳಿತಾಯ ಪೂರ್ತಿ ಇದಕ್ಕೆ ಸುರಿದವರನ್ನು ನೋಡಿ ಹೊಟ್ಟೆ ಉರಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಥ್ರಾಟಲ್ ತೆರೆಯುತ್ತದೆ. ಎಷ್ಟು ಗಾಳಿ ಒಳಗೆ ಹೋಯಿತೋ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬೀಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹಾಗಲ್ಲ. ನೀವು ಕಾಲು ಒತ್ತಿದಾಗ ಜಾಸ್ತಿ ಆಗುವುದು ಡೀಸೆಲ್. ಗಾಳಿ ಟರ್ಬೊ ತಳ್ಳಿದಷ್ಟು ಬರುತ್ತದೆ. ಬಿಎಸ್3 ಕಾಲದ ಹೆಚ್ಚಿನ ಲಾರಿಗಳಲ್ಲಿ ಥ್ರಾಟಲ್ ಬಾಡಿ ಅನ್ನುವುದೇ ಇರಲಿಲ್ಲ. ಆದರೂ ಅವು ಲೋಡ್ ಎಳೆಯುತ್ತಿದ್ದವು, ಅಲ್ವಾ?

ಹಾಗಾದರೆ ಈಗ ಯಾಕೆ ಇಟ್ಟಿದ್ದಾರೆ ಅಂತೀರಾ? ಹೊಗೆಗಾಗಿ. ಸೈಲೆನ್ಸರ್ ಕಡೆಯ ಹೊಗೆಯನ್ನು ಸ್ವಲ್ಪ ವಾಪಸ್ ಎಂಜಿನ್ನಿಗೆ ಕಳಿಸುವ ಇಜಿಆರ್ ಇದೆಯಲ್ಲ, ಆ ಹೊಗೆ ಒಳಗೆ ಬರಬೇಕಾದರೆ ಗಾಳಿ ಕಡೆಯ ಒತ್ತಡ ಅದಕ್ಕಿಂತ ಕಮ್ಮಿ ಇರಬೇಕು. ಥ್ರಾಟಲ್ ಸ್ವಲ್ಪ ಮುಚ್ಚಿ ಆ ಒತ್ತಡ ಇಳಿಸುತ್ತದೆ. ಇನ್ನೊಂದು ಕೆಲಸ ಡಿಪಿಎಫ್‌ನದ್ದು, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನದ್ದು. ಅದರಲ್ಲಿ ಕೂತ ಮಸಿ ಸುಟ್ಟು ಹೋಗಲು ಹೆಚ್ಚುಕಮ್ಮಿ 550ರಿಂದ 600 ಡಿಗ್ರಿ ಬಿಸಿ ಬೇಕು. ಗಾಳಿ ಕಮ್ಮಿ ಮಾಡಿದರೆ ಹೊಗೆ ಬಿಸಿ ಏರುತ್ತದೆ. ಕೀ ಆಫ್ ಮಾಡಿದಾಗ ಎಂಜಿನ್ ಅದುರದೆ ನಿಲ್ಲಲಿ ಅಂತಲೂ ಕೆಲವು ಗಾಡಿಗಳಲ್ಲಿ ಇದು ಒಂದು ಕ್ಷಣ ಮುಚ್ಚಿಕೊಳ್ಳುತ್ತದೆ. ನೋಡಿ, ಇಷ್ಟರಲ್ಲಿ ಎಲ್ಲಾದರೂ ಪಿಕಪ್ ಕೊಡುವ ಕೆಲಸ ಇದೆಯಾ? ಇದು ಇರುವುದೇ ಬೇಕಾದಾಗ ಗಾಳಿ ತಡೆಯಲಿಕ್ಕೆ. ಲೋಡ್ ಹಾಕಿಕೊಂಡು ಘಾಟಿಯಲ್ಲಿ ಕಾಲು ಪೂರ್ತಿ ಒತ್ತಿದಾಗ ಅದು ತಾನಾಗಿಯೇ ಪೂರ್ತಿ ತೆರೆದು ನಿಂತಿರುತ್ತದೆ.

60 ಎಂಎಂ ತೆಗೆದು 65 ಹಾಕಿದರೆ ಬಾಯಿಯ ವಿಸ್ತೀರ್ಣ ನೂರಕ್ಕೆ 17ರಷ್ಟು ಜಾಸ್ತಿ ಆಗುತ್ತದೆ, ಲೆಕ್ಕ ಸರಿ. ಆದರೆ ಅದರ ಹಿಂದೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಬಾಯಿ ಮೊದಲಿನಷ್ಟೇ, ಟರ್ಬೊ ಕೂಡ ಅದೇ. ಎಷ್ಟು ಡಿಗ್ರಿ ಮುಚ್ಚಿದರೆ ಎಷ್ಟು ಗಾಳಿ ಅನ್ನುವ ಇಸಿಎಂ (ಎಂಜಿನ್ ಕಂಪ್ಯೂಟರ್) ಲೆಕ್ಕ ಮಾತ್ರ ತಪ್ಪುತ್ತದೆ. ಆಮೇಲೆ ಇಜಿಆರ್ ದೋಷದ ಕೋಡ್, ಚೆಕ್ ಲೈಟ್, ಡಿಪಿಎಫ್ ಬ್ಲಾಕ್ ಅಂತ ಒಂದೊಂದಾಗಿ ಶುರುವಾಗಬಹುದು.

ಹುಬ್ಬಳ್ಳಿ ಕಡೆಯವರು ಒಬ್ಬರು, ಸ್ವಂತ ಲಾರಿ ಒಂದೇ, ಮೆಕ್ಕೆಜೋಳ ತುಂಬಿಕೊಂಡು ಅಂಕೋಲಾ ಕಡೆ ಹೋಗುವವರು. ವಾಪಸ್ ಬರುವಾಗ ಅರಬೈಲ್ ಘಾಟಿಯಲ್ಲಿ ಗಾಡಿ ಉಸಿರೇ ಬಿಡುವುದಿಲ್ಲ ಅಂತ ಬಂದರು. ಬೆಂಗಳೂರಿನ ಜೆಸಿ ರಸ್ತೆಯಿಂದ ಹೊಸ ಥ್ರಾಟಲ್ ಬಾಡಿ ತರಿಸಿ ಕೈಯಲ್ಲೇ ಹಿಡಿದಿದ್ದರು. "ಇದನ್ನ ಹಾಕ್ಬಿಡ್ರಿ ಸರ್" ಅಂದರು. "ಕೊಡ್ರಿ, ಮೊದಲು ನೋಡೋಣ" ಅಂದು ಟರ್ಬೊ ಗಾಳಿ ಸಾಗಿಸುವ ಇಂಟರ್‌ಕೂಲರ್ ಹೋಸ್ ಕೆಳಗೆ ಕೈ ಹಾಕಿದೆ. ಕೈಗೆ ಜಿಡ್ಡು ಅಂಟಿತು. ಕ್ಲಿಪ್ಪಿನ ಅಂಚಿನಲ್ಲಿ ಹೋಸ್ ಉಗುರಗಲ ಸೀಳಿತ್ತು. ಗಾಡಿ ನಿಂತಾಗ ಆ ಸೀಳು ಮುಚ್ಚಿಕೊಂಡಿರುತ್ತದೆ, ಮೇಲಿನಿಂದ ಕಾಣುವುದೇ ಇಲ್ಲ. ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಏರಿದ ಕೂಡಲೇ ಬಾಯಿ ಬಿಟ್ಟು ಗಾಳಿ ಸೋರುತ್ತದೆ. ಹೋಸ್ ಬದಲಾಯಿಸಿದೆವು, ಗಾಡಿ ಸರಿ ಹೋಯಿತು. ಥ್ರಾಟಲ್ ಬಾಡಿ ಡಬ್ಬಿ ಅಂಗಡಿಗೆ ವಾಪಸ್ ಹೋಯಿತು. ಪೂರ್ತಿ ದುಡ್ಡು ಮಾತ್ರ ಸಿಗಲಿಲ್ಲ. ಪಾಪ, ಮಗಳ ಕಾಲೇಜು ಫೀಸಿನ ತಿಂಗಳು ಅದು.

ಹಾಗಂತ ಥ್ರಾಟಲ್ ಬಾಡಿ ಕೆಡುವುದೇ ಇಲ್ಲ ಅಂತಲ್ಲ. ಇಜಿಆರ್ ಮಸಿ, ಎಂಜಿನ್ ಆಯಿಲ್ ಹಬೆ ಎರಡೂ ಸೇರಿ ಕಪ್ಪು ಅಂಟು ಕಟ್ಟಿ ಬಟರ್‌ಫ್ಲೈ (ಒಳಗಿನ ಮುಚ್ಚಳ) ಅರ್ಧಕ್ಕೇ ಸಿಕ್ಕಿಹಾಕಿಕೊಂಡರೆ ನಿಜವಾಗಲೂ ಗಾಡಿ ಎಳೆಯಲ್ಲ, ಕಪ್ಪು ಹೊಗೆಯೂ ಬರುತ್ತದೆ. ನೋಡುವುದು ಸುಲಭ. ಕೀ ತೆಗೆದು ಸ್ವಲ್ಪ ಹೊತ್ತು ಬಿಡಿ, ಹೋಸ್ ಬಿಚ್ಚಿ ಟಾರ್ಚ್ ಹಾಕಿ. ನಾನು ಕೈ ಹಾಕಿದ ಡೀಸೆಲ್ ಲಾರಿಗಳಲ್ಲಿ ಕರೆಂಟ್ ಇಲ್ಲದಾಗ ಸ್ಪ್ರಿಂಗ್ ಅದನ್ನು ಪೂರ್ತಿ ತೆರೆದಿಟ್ಟಿರುತ್ತದೆ. ಅರ್ಧಕ್ಕೆ ನಿಂತಿದ್ದರೆ ಮೊದಲು ಕ್ಲೀನ್ ಮಾಡಿಸಿ. ಸ್ಕ್ರೂಡ್ರೈವರ್ ಹಾಕಿ ತಿರುವಬೇಡಿ, ಒಳಗಿನ ಗೇರ್ ಎಷ್ಟೋ ಗಾಡಿಗಳಲ್ಲಿ ಪ್ಲಾಸ್ಟಿಕ್ಕಿನದು. ಹಲ್ಲು ಮುರಿದರೆ ಸುಮ್ನೆ ಹೊಸದರ ಖರ್ಚು.

ಕ್ಲೀನ್ ಮಾಡಿದರೂ ಆಗಲಿಲ್ಲ, ಮೋಟರ್ರೋ ಸೆನ್ಸರ್ರೋ ಹೋಗಿದೆ ಅಂತ ಸ್ಕ್ಯಾನರಿನಲ್ಲಿ ಗೊತ್ತಾಯಿತು ಅನ್ನಿ. ಆಗ ಹೊರಗಿನ ಕಂಪನಿಯದು ತಗೊಳ್ಳಬಹುದಾ? ತಗೊಳ್ಳಬಹುದು. ಬಾಷ್, ಪಿಯರ್‌ಬರ್ಗ್ ತರದ ಕಂಪನಿಗಳು ಗಾಡಿ ತಯಾರಕರಿಗೂ ಕೊಡುತ್ತವೆ, ಅಂಗಡಿಗೂ ಕೊಡುತ್ತವೆ. ನಿಮ್ಮ ಹಳೇ ಬಾಡಿ ಮೇಲೆ ಕೊರೆದಿರುವ ನಂಬರನ್ನು ಹೊಸದರ ಮೈಮೇಲಿನ ನಂಬರಿನ ಜೊತೆ ಹೋಲಿಸಿ, ಡಬ್ಬಿ ಮೇಲಿನದನ್ನಲ್ಲ. ನಾಲ್ಕು ಬೋಲ್ಟ್ ಕೂತಿತು, ವೈರಿನ ಕಪ್ಲರ್ ಸಿಕ್ಕಿಸಿದರೆ ಟಕ್ ಅಂತು ಅಂದ ಮಾತ್ರಕ್ಕೆ ಅದು ನಿಮ್ಮ ಗಾಡಿಯದಲ್ಲ. ಪೆಟ್ರೋಲ್ ಮತ್ತು ಸಿಎನ್‌ಜಿ ಬಾಡಿಯ ಸ್ಪ್ರಿಂಗ್ ಸಾಮಾನ್ಯವಾಗಿ ಬಟರ್‌ಫ್ಲೈಯನ್ನು ಚೂರೇ ಚೂರು ತೆರೆದಿಡುತ್ತದೆ. ಅಂಥದ್ದನ್ನು ಡೀಸೆಲ್‌ಗೆ ಕೂರಿಸಿದರೆ ಮೋಟರ್ ಕೈಕೊಟ್ಟ ದಿನ ಎಂಜಿನ್ನಿಗೆ ಗಾಳಿಯೇ ಸಿಗಲ್ಲ. ಒಳಗಿನ ಸೆನ್ಸರಿನ ವೋಲ್ಟೇಜ್ ಕೂಡ ಬೇರೆ ಇರಬಹುದು.

ಸಿಎನ್‌ಜಿ ಲಾರಿಯವರ ಲೆಕ್ಕ ಬೇರೆ. ಅದು ಪೆಟ್ರೋಲ್ ತರ ಪ್ಲಗ್ ಇರುವ ಎಂಜಿನ್, ಅಲ್ಲಿ ಥ್ರಾಟಲ್ಲೇ ಯಜಮಾನ. ಅಲ್ಲಿಯೂ ಅಳತೆ ಬದಲಿಸಬೇಡಿ. ದೊಡ್ಡದು ಹಾಕಿದರೆ ಕಾಲು ಮುಟ್ಟಿಸಿದ ಕೂಡಲೇ ಗಾಡಿ ಜಿಗಿಯುತ್ತದೆ, ಅದನ್ನೇ ಪಿಕಪ್ ಅಂದುಕೊಳ್ಳುತ್ತಾರೆ.

ಹೊಸದು ಕೂರಿಸುವಾಗ ಪ್ಯಾಕಿಂಗ್ ಹೊಸದೇ ಹಾಕಿಸಿ. ಆಮೇಲೆ ಇಸಿಎಂಗೆ ಅದರ ಸ್ಥಾನ ಕಲಿಸಬೇಕು. ಕೆಲವು ಗಾಡಿಗಳಲ್ಲಿ ಕೀ ಆನ್ ಮಾಡಿ ಆಕ್ಸಿಲರೇಟರ್ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ಕೆಲವಕ್ಕೆ ಸ್ಕ್ಯಾನರ್ ಬೇಕೇ ಬೇಕು. ನಿಮ್ಮದು ಯಾವ ತರ ಅಂತ ನಿಮ್ಮ ಮೆಕ್ಯಾನಿಕ್ಕನ್ನು ಮೊದಲೇ ಕೇಳಿ, ಇಲ್ಲದಿದ್ದರೆ ಹೊಸ ಬಾಡಿ ಹಾಕಿಯೂ ಲೈಟ್ ಆರುವುದಿಲ್ಲ. ಬಿಲ್ ಇಟ್ಟುಕೊಳ್ಳಿ, ಹಳೇದನ್ನು ಗುಜರಿಗೆ ಹಾಕಬೇಡಿ. ಒಂದೆರಡು ಟ್ರಿಪ್ ಲೋಡಿನಲ್ಲಿ ಓಡಿಸಿ ನೋಡಿದ ಮೇಲೆ ಕೊಟ್ಟರಾಯಿತು.